ಪದ್ಮಿನಿ ಎಂಜಿನ್ ಬಿಚ್ಚೋ ಮುಂಚೆ

ಪ್ರೀಮಿಯರ್ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ ಮನೆಯಲ್ಲೇ ಬಿಚ್ಚಿ ಜೋಡಿಸಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಆದರೆ ಬೇರಿಂಗ್ ಕ್ಯಾಪ್‌ಗಳು (ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡೋ ಮುಚ್ಚಳಗಳು) ಅದಲು ಬದಲಾಗಲೇಬಾರದು, ಯಾವುದು ಎಲ್ಲಿಯದು, ಯಾವ ಕಡೆ ಮುಖ ಅಂತ ಪಂಚ್ ಹೊಡೆದು ಗುರುತು ಮಾಡಿ. ನಾನೊಮ್ಮೆ ಚಾಕ್‌ಪೀಸಲ್ಲಿ ಬರೆದಿದ್ದೆ, ಸೀಮೆಎಣ್ಣೆಯಲ್ಲಿ ತೊಳೆದಾಗ ಎಲ್ಲಾ ಹೋಯ್ತು!

ಸವೆದ ಸಿಲಿಂಡರ್ ಕೊರೆಯೋ ಬೋರಿಂಗ್, ಕ್ರ್ಯಾಂಕ್ ಶಾಫ್ಟ್ ಉಜ್ಜಿ ನುಣುಪು ಮಾಡೋ ಗ್ರೈಂಡಿಂಗ್ ವರ್ಕ್‌ಶಾಪಿಗೇ ಬಿಡಿ. ಜೋಡಿಸುವಾಗ ಬೇರಿಂಗ್‌ಗಳಿಗೆ ಧಾರಾಳವಾಗಿ ಆಯಿಲ್ ಹಾಕಿ, ಪಿಸ್ಟನ್ ರಿಂಗ್‌ಗಳ ಬಾಯಿ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಒಂದೇ ಸಾಲಿಗೆ ಬರದಂತೆ ತಿರುಗಿಸಿ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬೋಲ್ಟ್‌ಗಳನ್ನು ನಡುವಿನಿಂದ ಶುರುಮಾಡಿ ಹೊರಗಿನವರೆಗೆ, ಎರಡು ಮೂರು ಸುತ್ತಿನಲ್ಲಿ, ಬಿಗಿತ ಅಳೆಯೋ ಟಾರ್ಕ್ ವ್ರೆಂಚಲ್ಲೇ ಬಿಗಿಮಾಡಿ. ಕೈ ಅಂದಾಜು ಬೇಡ, ಹೆಡ್ ಸೊಟ್ಟಗಾದರೆ ಮತ್ತೆ ಬಿಚ್ಚಬೇಕು ಅಲ್ವಾ?

ಪೇಂಟ್ ಕೊನೆಗೆ, ಕಾರ್ಬೊರೇಟರ್ ಕೂರಿಸೋ ಮೊದಲು. ತೂತುಗಳಿಗೆಲ್ಲ ಟೇಪ್ ಹಚ್ಚಿ, ವೈರ್ ಬ್ರಶ್‌ನಲ್ಲಿ ಉಜ್ಜಿ, ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಬ್ಲಾಕ್ ಒರೆಸಿ. ಬಟ್ಟೆ ಕಪ್ಪಾಗೋದು ನಿಲ್ಲುವ ತನಕ ಒರೆಸ್ತಾನೇ ಇರಿ, ಜಿಡ್ಡು ಉಳಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಶಾಖ ತಡೆಯುವ ಎಂಜಿನ್ ಎನಾಮಲ್ ತೆಳ್ಳಗೆ ಎರಡು ಮೂರು ಕೋಟ್ ಸಾಕು. ಹೊಗೆ ಹೊರಹಾಕೋ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಇದನ್ನೇ ಬಳಿಯಬೇಡಿ, ಸುಟ್ಟು ವಾಸನೆ ಬರುತ್ತೆ.