ಅಮ್ಮನ ದನಿ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ: ಕೆಡಿಸದೆ ಇಳಿಸುವುದು ಹೇಗೆ?

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಮೇಷ್ಟ್ರೊಬ್ಬರು ನಲವತ್ತು ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿದರು. ವಾರವೆಲ್ಲ ಕೂತು ಮಾಡಿದ ಕೆಲಸ. ಮುಗಿದ ಖುಷಿಯಲ್ಲಿ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಿದರು. ಆಮೇಲೆ ಕೇಳಿದರೆ ಪ್ರತಿ ಹಾಡೂ ತಗಡಿನ ಡಬ್ಬಿಯೊಳಗೆ ಕೂತು ಹಾಡಿದ ಹಾಗೆ ಒಡೆದ ದನಿ. ಅದರಲ್ಲಿ ಅವರ ತಾಯಿ ಹೇಳಿದ ಸೋಬಾನೆ ಪದಗಳ ಕ್ಯಾಸೆಟ್ಟೂ ಇತ್ತು. ತಾಯಿ ಈಗಿಲ್ಲ. ಕ್ಯಾಸೆಟ್ಟೂ ಇಲ್ಲ.

ಇಂಥ ಎಡವಟ್ಟು ನಾನು ನೋಡಿದ್ದು ಇದೊಂದೇ ಅಲ್ಲ. ಫೋನನ್ನು ಟೇಪ್ ರೆಕಾರ್ಡರ್ ಪಕ್ಕ ಇಟ್ಟು, ಹಾಡಿನ ಜೊತೆ ಕುಕ್ಕರ್ ವಿಷಲ್ಲೂ ಹಿಡಿದವರಿದ್ದಾರೆ. ಆದ್ದರಿಂದ ಈ ಲೇಖನ.

ಅದಕ್ಕೂ ಮೊದಲು, "ತಿಂಗಳಿಗೆ ನೂರೋ ನೂರೈವತ್ತೋ ಕಟ್ಟಿದರೆ ಫೋನಲ್ಲೇ ಎಲ್ಲ ಹಾಡೂ ಬರುತ್ತಲ್ಲ, ಇದೆಲ್ಲ ಯಾಕೆ?" ಅನ್ನುವವರಿಗೆ ಎರಡು ಮಾತು. ನಾನೂ ಕಟ್ಟುತ್ತೇನೆ. ಹೊಸ ಹಾಡು ಕೇಳಲು ಅದು ಸಲೀಸು. ಆದರೆ ಅಲ್ಲಿ ಹಾಡು ನಿಮ್ಮದಾಗುವುದಿಲ್ಲ. ಆ್ಯಪಿನೊಳಗೆ "ಡೌನ್‌ಲೋಡ್" ಮಾಡಿಟ್ಟದ್ದು ಕೂಡ ಬೀಗ ಹಾಕಿದ ಫೈಲು. ದುಡ್ಡು ಕಟ್ಟುವುದು ನಿಲ್ಲಿಸಿದರೆ ಬೀಗ ತೆಗೆಯುವುದಿಲ್ಲ. ಕಂಪನಿಯೇ ಅಂಗಡಿ ಮುಚ್ಚಿದರಂತೂ ಕೇಳಲೇಬೇಡಿ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಹೋಯಿತು. ರೆಸ್ಸೊ, ವಿಂಕ್ ಎರಡೂ 2024ರಲ್ಲಿ ಬಾಗಿಲು ಹಾಕಿದವು. ವರ್ಷಗಟ್ಟಲೆ ಜೋಡಿಸಿದ ಪ್ಲೇಲಿಸ್ಟನ್ನು ಮತ್ತೊಂದು ಆ್ಯಪಿಗೆ ಸಾಗಿಸುವ ಪಾಡು ಪಟ್ಟವರಿಗೇ ಗೊತ್ತು.

ಇನ್ನೊಂದು ಕಥೆಯೂ ಇದೆ. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅನ್ನುವ ಹೆಸರಿನಲ್ಲಿ ಎಂಪಿ3 ಹಾಡು ಮಾರುತ್ತಿತ್ತು. ಮರುವರ್ಷವೇ ಮುಚ್ಚಿತು. ಆದರೆ ಅಲ್ಲಿ ಕೊಂಡು ಇಳಿಸಿಕೊಂಡ ಫೈಲಿಗೆ ಬೀಗ ಇರಲಿಲ್ಲ. ಜೋಪಾನ ಮಾಡಿಟ್ಟವರ ಹತ್ತಿರ ಅದು ಇವತ್ತಿಗೂ ಹಾಡುತ್ತದೆ.

ಅದಿರಲಿ, ಯಾವ ಆ್ಯಪಿನಲ್ಲೂ ಇಲ್ಲದ ಸರಕು ನಮ್ಮ ಊರಲ್ಲಿ ಬೇಕಾದಷ್ಟಿದೆ. ದಾವಣಗೆರೆ ಅಂದರೆ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ನಾಟಕದ ಮುಂದಿನ ಸಾಲಲ್ಲಿ ಕೂತು ರಂಗಗೀತೆ ಹಿಡಿದ ಕ್ಯಾಸೆಟ್ಟು, ಮಠದ ವಚನ ಗಾಯನ, ಮದುವೆ ಮನೆಯ ಹಾಡು, ಅಂಗಡಿಗೆ ಪಟ್ಟಿ ಕೊಟ್ಟು ಇಷ್ಟದ ಹಾಡು ತುಂಬಿಸಿಕೊಂಡ ಟೇಪು. ಇವನ್ನು ಉಳಿಸುವವರು ನೀವೇ.

ಮೊದಲು ವಿಂಗಡಿಸಿ

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನ ಕ್ಯಾಸೆಟ್ ಪಕ್ಕಕ್ಕಿಡಿ. ಅವು ಬೇರೆ ಕಡೆ ಸಿಗುತ್ತವೆ. ಮನೆಯಲ್ಲಿ ರೆಕಾರ್ಡ್ ಮಾಡಿದ್ದು ಮೊದಲು. ಆದರೆ ಶುರುವಿಗೇ ಅಮ್ಮನ ಕ್ಯಾಸೆಟ್ ಹಾಕಬೇಡಿ. ಹೋದರೆ ಹೋಗಲಿ ಅನ್ನುವಂಥ ಟೇಪಿನ ಮೇಲೆ ಕೈ ಪಳಗಲಿ.

ಎಲ್ಲ ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಕಿವಿ ಮುರಿದುಬಿಡಿ. ಆಗ ಅಪ್ಪಿತಪ್ಪಿ ಕೆಂಪು ಗುಂಡಿ ಒತ್ತಿದರೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ ಹಾಕಬೇಡಿ, ಪ್ಲೇಯರ್‌ಗೂ ಬೂಷ್ಟು ಅಂಟುತ್ತದೆ. ರೀಲು ಬರುವ ಕಡೆ ಮಧ್ಯದಲ್ಲಿ ಚಿಕ್ಕ ಮೆತ್ತೆ ಇರುತ್ತದೆ. ಅದು ಬಿದ್ದುಹೋಗಿದ್ದರೆ ದನಿ ಮಂಕಾಗುತ್ತದೆ. ಕೆಟ್ಟುಹೋದ ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ರೀಲು ವರ್ಗಾಯಿಸಬಹುದು. ಐದು ಸ್ಕ್ರೂ ಇದ್ದರೆ ಸುಲಭ, ಅಂಟಿಸಿದ ಡಬ್ಬಿಯಾದರೆ ಬ್ಲೇಡು, ತಾಳ್ಮೆ ಎರಡೂ ಬೇಕು.

ಕೊನೆಗೆ ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಸುಮ್ನೆ ಕೂತ ರೀಲು ಒಂದಕ್ಕೊಂದು ಅಂಟಿರುತ್ತದೆ.

ಪ್ಲೇಯರ್ ಯಾವುದು?

ಆನ್‌ಲೈನಲ್ಲಿ ಸಾವಿರ ಚಿಲ್ಲರೆ ರೂಪಾಯಿಗೆ ವಾಕ್‌ಮನ್ ತರಹದ ಯುಎಸ್‌ಬಿ ಡಬ್ಬಿ ಸಿಗುತ್ತದೆ. "ಕ್ಯಾಸೆಟ್ ಹಾಕಿ, ಎಂಪಿ3 ಪಡೆಯಿರಿ" ಅಂತ ಬರೆದಿರುತ್ತಾರೆ. ಕೊಳ್ಳಬೇಡಿ. ನಾನು ಕೊಂಡು ಕಲಿತಿದ್ದೇನೆ. ಮೋಟರ್ ಒಂದೇ ವೇಗದಲ್ಲಿ ತಿರುಗದೆ ರಾಗ ಎಳೆದಾಡುತ್ತದೆ, ಹಿಂದೆ ಗುಂಯ್ ಅನ್ನುವ ಸದ್ದು ಬೇರೆ. ಅದಕ್ಕಿಂತ ಅಟ್ಟದ ಮೇಲಿರುವ ಹಳೇ ಟೂ ಇನ್ ಒನ್ (ರೇಡಿಯೊ, ಟೇಪು ಎರಡೂ ಇರುವ ಸೆಟ್ಟು) ವಾಸಿ. ಬೆಲ್ಟು ಸಡಿಲವಾಗಿದ್ದರೆ ರೇಡಿಯೊ ರಿಪೇರಿಯವರಿಂದ ಬದಲಾಯಿಸಿಕೊಳ್ಳಿ. ಕ್ಯಾಸೆಟ್ ಡೆಕ್ (ಸ್ಪೀಕರ್ ಇಲ್ಲದ, ಆಂಪ್ಲಿಫೈಯರಿಗೆ ಜೋಡಿಸುವ ಟೇಪ್ ಮೆಷಿನ್) ಸಿಕ್ಕರೆ ಇನ್ನೂ ಒಳ್ಳೆಯದು.

ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹೆಡ್ (ರೀಲು ತಾಗಿ ಹೋಗುವ, ದನಿ ಓದುವ ಲೋಹದ ತುಂಡು) ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವವರೆಗೂ ಒರೆಸಿ. ರಬ್ಬರ್ ಗಾಲಿಗೆ ಒದ್ದೆ ಬಟ್ಟೆ ಸಾಕು. ಮಂಡಕ್ಕಿ ಭಟ್ಟಿ ಕಡೆಯ ಮನೆಯವರು ಎರಡು ಸಲ ಒರೆಸಿದರೂ ನಷ್ಟವಿಲ್ಲ. ಭಟ್ಟಿಯ ಆ ಮಸಿ ಹೊಗದ ಜಾಗವಿಲ್ಲ. ಸೆಂಟು, ಸೀಮೆಎಣ್ಣೆ, ಉಗುರು ಬಣ್ಣ ತೆಗೆಯುವ ನೀರು ಇವೆಲ್ಲ ಬೇಡವೇ ಬೇಡ.

ಎಲ್ಲರೂ ಎಡವುವುದು ಇಲ್ಲೇ

ಪ್ಲೇಯರಿನಿಂದ ಕಂಪ್ಯೂಟರಿಗೆ ದನಿ ಸಾಗಿಸುವ ಹಂತ ಇದು. ಇಲ್ಲಿ ನಿಧಾನವಾಗಿ ಓದಿ.

ಲ್ಯಾಪ್‌ಟಾಪಿನ ಪಕ್ಕದಲ್ಲಿ ಇರುವ ಒಂದೇ ತೂತು ಇಯರ್‌ಫೋನು, ಮೈಕು ಎರಡಕ್ಕೂ ಸೇರಿದ್ದು. ಅದರ ಮೈಕ್ ದಾರಿ ಒಂಟಿ ದಾರಿ. ಎಡ ಬಲ ಎರಡು ದನಿ ಅದರಲ್ಲಿ ಹೋಗುವುದಿಲ್ಲ. ಜೊತೆಗೆ ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲಿಗಾಗಿ ಮಾಡಿದ ದಾರಿ ಅದು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಬರುವುದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೇಷ್ಟ್ರು ಮಾಡಿದ್ದು ಇದನ್ನೇ. ವಾಲ್ಯೂಮ್ ಪೂರ್ತಿ ತಿರುಗಿಸಿ ಮೈಕ್ ತೂತಿಗೆ ಕೊಟ್ಟರು.

ನಿಮಗೆ ಬೇಕಿರುವುದು "ಲೈನ್ ಇನ್", ಅಂದರೆ ದೊಡ್ಡ ಸಿಗ್ನಲ್ಲನ್ನು ಎಡ ಬಲ ಎರಡೂ ದನಿಯ ಸಮೇತ ಒಳಗೆ ತೆಗೆದುಕೊಳ್ಳುವ ತೂತು. ಹಳೇ ಡೆಸ್ಕ್‌ಟಾಪ್ ಇದ್ದರೆ ನೀವು ಪುಣ್ಯವಂತರು. ಹಿಂಬದಿಯ ತಿಳಿ ನೀಲಿ ತೂತೇ ಲೈನ್ ಇನ್. ಗುಲಾಬಿ ಬಣ್ಣದ್ದು ಮೈಕ್, ಅದರ ತಂಟೆಗೆ ಹೋಗಬೇಡಿ. ಲ್ಯಾಪ್‌ಟಾಪ್ ಆದರೆ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಬೇಕು. ನೂರೈವತ್ತು ಇನ್ನೂರು ರೂಪಾಯಿಯ ಪುಟಾಣಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಮೈಕ್ ತೂತೇ ಇರುತ್ತದೆ, ದುಡ್ಡು ದಂಡ. ಡಬ್ಬದ ಮೇಲೆ "ಲೈನ್ ಇನ್", "ಸ್ಟೀರಿಯೊ" ಎರಡೂ ಇದೆಯಾ ನೋಡಿ. ನಾನು ಬಳಸುವುದು ಬೆಹ್ರಿಂಗರ್ ಯುಸಿಎ 222. ಕೆಂಪು ಬಿಳಿ ಪಿನ್ ಹಾಕುವ ಚಿಕ್ಕ ಡಬ್ಬಿ. ಈ ಕೆಲಸಕ್ಕೆ ಅದಕ್ಕಿಂತ ದುಬಾರಿ ಬೇಕಿಲ್ಲ.

ಡೆಕ್ಕಿನಲ್ಲಿ ಹಿಂದೆ "ಲೈನ್ ಔಟ್" ಇದ್ದರೆ ಅಲ್ಲಿಂದ ತಂತಿ ತೆಗೆಯಿರಿ. ಟೂ ಇನ್ ಒನ್ ಆದರೆ ಇಯರ್‌ಫೋನ್ ತೂತೇ ಗತಿ. ಆಗ ವಾಲ್ಯೂಮ್ ಅರ್ಧಕ್ಕಿಡಿ. ಬಾಸ್, ಟ್ರೆಬಲ್ ಮಧ್ಯಕ್ಕೆ.

ಕಂಪ್ಯೂಟರಿನಲ್ಲಿ ದನಿ ರೆಕಾರ್ಡ್ ಮಾಡುವ, ಕತ್ತರಿಸುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಬಿಟ್ಟಿ ಸಿಗುತ್ತದೆ. ವಿಂಡೋಸಿನ ಸೌಂಡ್ ಸೆಟ್ಟಿಂಗಿಗೆ ಹೋಗಿ ಇನ್‌ಪುಟ್ ಕೆಳಗಿನ "ಆಡಿಯೊ ಎನ್‌ಹಾನ್ಸ್‌ಮೆಂಟ್ಸ್" ಬಂದ್ ಮಾಡಿ. ಇದನ್ನು ಮರೆತವರೇ ಜಾಸ್ತಿ. ಮಾತಿಗಾಗಿ ಮಾಡಿದ ಆ ಸೌಲಭ್ಯ ತಂಬೂರಿಯ ಶ್ರುತಿಯನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಲು ಹೋಗುತ್ತದೆ.

ಈಗ ಮಟ್ಟ ನೋಡಿಕೊಳ್ಳುವುದು. ಹಾಡಿನಲ್ಲಿ ಗಟ್ಟಿಯಾಗಿ ಕೂಗುವ ಜಾಗ, ಎಲ್ಲ ವಾದ್ಯ ಒಟ್ಟಿಗೆ ಬರುವ ಜಾಗ ಹುಡುಕಿ ಹಾಕಿ. ಆಡಾಸಿಟಿಯ ಮೀಟರಿನಲ್ಲಿ ಗೀಟು ಮೈನಸ್ 6ರ ಹತ್ತಿರ ಬಂದು ನಿಲ್ಲಬೇಕು. ಸೊನ್ನೆ ಮುಟ್ಟಬಾರದು. ಟೇಪಿಗೆ ಸ್ವಲ್ಪ ಜಾಸ್ತಿ ದನಿ ಹೋದರೂ ಅದು ಸಹಿಸುತ್ತದೆ. ಕಂಪ್ಯೂಟರ್ ಸಹಿಸುವುದಿಲ್ಲ. ಸಂತೆಯಲ್ಲಿ ಸೇರಿಗೆ ಜೋಳ ತುಂಬಿ ಮೇಲಿನ ಗುಡ್ಡೆಯನ್ನು ಕೋಲಿನಿಂದ ಸವರಿ ಕೆಡವುತ್ತಾರಲ್ಲ, ಹಾಗೆ ಸೊನ್ನೆ ದಾಟಿದ್ದನ್ನೆಲ್ಲ ಸವರಿಬಿಡುತ್ತದೆ. ಬಿದ್ದ ಜೋಳ ಆರಿಸಿಕೊಳ್ಳಬಹುದು. ಇದನ್ನು ಆಮೇಲೆ ವಾಲ್ಯೂಮ್ ಇಳಿಸಿದರೂ ವಾಪಸ್ ತರಲಾಗದು. ದನಿ ಕಮ್ಮಿಯಾಯಿತು ಅಂದರೆ ಚಿಂತೆಯಿಲ್ಲ, ಏರಿಸಬಹುದು.

ಎರಡು ಕಡೆ ದನಿ ಬರುತ್ತಿದೆಯಾ ಅಂತಲೂ ನೋಡಿ. ಇಯರ್‌ಫೋನ್ ಹಾಕಿಕೊಂಡು ಸ್ಟೀರಿಯೊ ಕ್ಯಾಸೆಟ್ ಕೇಳಿದರೆ ತಬಲಾ ಒಂದು ಕಡೆ, ಕೊಳಲು ಒಂದು ಕಡೆ ಗೊತ್ತಾಗುತ್ತದೆ. ಎಲ್ಲ ನಡುನೆತ್ತಿಯಲ್ಲೇ ಕೇಳಿದರೆ ನೀವಿನ್ನೂ ಮೈಕ್ ದಾರಿಯಲ್ಲಿದ್ದೀರಿ.

ಹಾಡಿನ ಹಿಂದೆ ಗೊಂಯ್ ಅಂತ ಒಂದೇ ಸಮನೆ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುನೋಡಿ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಸದ್ದು ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬೇರೆ ಮೆಷಿನಿನಲ್ಲಿ ತುಂಬಿಸಿದ ಕ್ಯಾಸೆಟ್ ನಿಮ್ಮ ಮೆಷಿನಿನಲ್ಲಿ ಕಂಬಳಿ ಹೊದ್ದ ಹಾಗೆ ಕೇಳಬಹುದು. ಟೇಪು ಹಾಳಾಗಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಹಾಳಾಗಿರುವುದಿಲ್ಲ. ಹೆಡ್ಡಿನ ಓರೆ ಹೊಂದುತ್ತಿಲ್ಲ, ಅಷ್ಟೇ. ಹೆಡ್ಡಿನ ಎರಡು ಪಕ್ಕದಲ್ಲಿ ಸ್ಕ್ರೂ ಇರುತ್ತವೆ. ಸ್ಪ್ರಿಂಗ್ ಇರುವ ಸ್ಕ್ರೂ ಮಾತ್ರ ನಿಮ್ಮದು. ಮೊದಲು ಅದು ಇದ್ದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಮಾಡಿ. ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ. "ಸ" ಅಕ್ಷರವನ್ನು, ತಾಳದ ಕಿಣಿಕಿಣಿಯನ್ನು ಕೇಳುತ್ತಿರಿ. ಒಂದು ಹಂತದಲ್ಲಿ ಕಂಬಳಿ ಸರಿದ ಹಾಗೆ ದನಿ ಬಿಚ್ಚಿಕೊಳ್ಳುತ್ತದೆ. ಅಲ್ಲೇ ನಿಲ್ಲಿಸಿ. ಮೊದಲ ಸಲ ಇದು ಆದಾಗ ನಾನು ಕಾಫಿ ಮರೆತು ಅರ್ಧ ಗಂಟೆ ಕೂತಿದ್ದೆ. ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸುವ ಪ್ರಮೇಯ ಬಂದರೆ ತೊಂದರೆ ಬೇರೆ ಕಡೆ ಇದೆ. ಗುರುತಿಗೆ ವಾಪಸ್ ತನ್ನಿ.

ರೆಕಾರ್ಡ್ ಮಾಡಿ, ಕತ್ತರಿಸಿ

ಆಡಾಸಿಟಿಯಲ್ಲಿ ಸ್ಟೀರಿಯೊ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯಬೇಕು ಅನ್ನುವುದು) 44,100 ಅಂತ ಇಟ್ಟು ರೆಕಾರ್ಡ್ ಒತ್ತಿ, ಆಮೇಲೆ ಪ್ಲೇ ಒತ್ತಿ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಬೇಗ ಓಡಿಸುವ ಅಡ್ಡದಾರಿ ಬೇಡ. ಒಂದು ಪಕ್ಕಕ್ಕೆ ಒಂದು ಫೈಲ್. ರೆಕಾರ್ಡ್ ಮುಗಿದ ಮೇಲೆ ಪ್ರತಿ ಹಾಡಿನ ಶುರುವಿನಲ್ಲಿ ಕ್ಲಿಕ್ ಮಾಡಿ, ಕಂಟ್ರೋಲ್ ಬಿ ಒತ್ತಿ ಹೆಸರು ಬರೆದುಕೊಂಡರೆ ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಎಲ್ಲ ಹಾಡೂ ಬೇರೆ ಬೇರೆ ಫೈಲಾಗಿ ಒಟ್ಟಿಗೇ ಬರುತ್ತವೆ.

"ನಾಯ್ಸ್ ರಿಡಕ್ಷನ್" ಅನ್ನುವ ಗುಂಡಿ ಕಂಡರೆ ಕೈ ತುರಿಸುತ್ತದೆ. ತುರಿಸಲಿ. ಸುಯ್ ಅನ್ನುವುದನ್ನು ಪೂರ್ತಿ ಅಳಿಸಲು ಹೋದರೆ ಹಾಡುವವರು ನೀರಿನೊಳಗೆ ಮುಳುಗಿ ಹಾಡಿದಂತೆ ಆಗುತ್ತದೆ. ಮೂಲವನ್ನು ಮುಟ್ಟದೆ ಇಟ್ಟು, ಬೇಕಿದ್ದರೆ ಪ್ರತಿಯ ಮೇಲೆ ಆಟ ಆಡಿ.

ಮೂಲ ಫೈಲು ಫ್ಲ್ಯಾಕ್ ಆಗಿರಲಿ. ದನಿಯನ್ನು ಮಡಚದೆ ಇದ್ದ ಹಾಗೇ ಇಡುವ, ಸಿಡಿ ಗುಣಮಟ್ಟದ ವೇವ್ ಫೈಲಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಫ್ಲ್ಯಾಕ್ ಅದರ ಅರ್ಧದ ಆಸುಪಾಸು ಜಾಗದಲ್ಲಿ ಏನೂ ಕಳೆಯದೆ ಮಡಚಿಡುತ್ತದೆ. ಫೋನಿಗೆ, ಕಾರಿಗೆ ಬೇಕಾದರೆ ಅದರಿಂದ 320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಮಾಡಿಕೊಳ್ಳಿ. ಬರೀ ಎಂಪಿ3 ಮಾಡಿ ಮೂಲ ಅಳಿಸಿದರೆ ಉಳಿದದ್ದು ಜೆರಾಕ್ಸ್ ಪ್ರತಿ ಮಾತ್ರ.

ಮನೆಯಲ್ಲಿ ಸಿಡಿಗಳಿದ್ದರೆ ಕೆಲಸ ಇಷ್ಟಿಲ್ಲ. ಹೊರಗಿನ ಡಿವಿಡಿ ಡ್ರೈವ್ ಹಾಕಿ ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಸಾಫ್ಟ್‌ವೇರಿನಲ್ಲಿ ಇಳಿಸಿಕೊಳ್ಳಿ, ಮುಗಿಯಿತು. ಹೊಸದಾಗಿ ಕೊಳ್ಳುವವರು ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ಫ್ಲ್ಯಾಕನ್ನೇ ಕೊಳ್ಳಬಹುದು, ಬೀಗ ಇರುವುದಿಲ್ಲ. ಕನ್ನಡದ್ದು ಅಲ್ಲಿ ಕಮ್ಮಿ. ಹಾಂ, ಇಳಿಸಿದ್ದು ನಿಮ್ಮ ಮನೆಯವರು ಕೇಳಲಿಕ್ಕೆ. ಕಂಪನಿಯ ಹಾಡನ್ನು ಯೂಟ್ಯೂಬಿಗೆ ಏರಿಸಿದರೆ ಕಾಪಿರೈಟ್ ತಕರಾರು ಬರುತ್ತದೆ.

ಹೆಸರು, ಜಾಗ

ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಒಳಗಿನ ಟ್ಯಾಗ್ (ಹಾಡು, ಹಾಡಿದವರು, ವರ್ಷದ ವಿವರ) ಕನ್ನಡದಲ್ಲಿ ಇರಲಿ. ಇದು ನನ್ನ ಹಟ ಅಂದುಕೊಂಡರೂ ಸರಿ. ಫೋನಿನಲ್ಲಿ ಕನ್ನಡ ಚೆಂದ ಕಾಣುತ್ತದೆ. ಹಳೇ ಕಾರ್ ಸ್ಟೀರಿಯೊ ಮಾತ್ರ ಕನ್ನಡ ಅಕ್ಷರಕ್ಕೆ ಬರೀ ಚೌಕ ತೋರಿಸುತ್ತದೆ. ಚಿತ್ರದುರ್ಗದ ದಾರಿಯಲ್ಲಿ ಗಾಡಿ ಓಡಿಸುತ್ತಾ ಹನ್ನೆರಡು ಚೌಕಗಳ ನಡುವೆ ಹಾಡು ಹುಡುಕುವುದು ಬೇಡ, ಅಲ್ವಾ? ಕಾರಿನ ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಲಿ, ಇಲ್ಲದಿದ್ದರೆ ಎಷ್ಟೋ ಸ್ಟೀರಿಯೊಗಳು ಓದುವುದೇ ಇಲ್ಲ. ಟ್ಯಾಗ್ ಬರೆಯಲು ಎಂಪಿ3ಟ್ಯಾಗ್, ಫೋನಿನಲ್ಲಿ ಕೇಳಲು ಮ್ಯೂಸಿಕೊಲೆಟ್ ಸಾಕು. ಇಂಟರ್ನೆಟ್ಟಿನ ಅನುಮತಿಯನ್ನೇ ಕೇಳದ ಆ್ಯಪ್ ಅದು.

ಹಾಡಿನ ಹೆಸರಿಗಿಂತ ಮುಖ್ಯ ಯಾರು ಹಾಡಿದ್ದು, ಯಾವ ವರ್ಷ, ಯಾರ ಮನೆಯಲ್ಲಿ ಅನ್ನುವುದು. ನೆನಪಿರುವ ಹಿರಿಯರನ್ನು ಪಕ್ಕ ಕೂರಿಸಿಕೊಂಡು ಬರೆಯಿರಿ. "ಈ ಕೆಮ್ಮು ನಿಮ್ಮ ದೊಡ್ಡಪ್ಪಂದು" ಅಂತ ಹೇಳುವವರು ಇನ್ನೆಷ್ಟು ದಿನ ಇರುತ್ತಾರೆ?

ಎರಡು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ಎರಡೂ ಒಂದೇ ಬೀರುವಿನಲ್ಲಿ ಇಟ್ಟರೆ ಅದು ಒಂದೇ ಪ್ರತಿ ಇದ್ದಂತೆ. ಪೆನ್‌ಡ್ರೈವನ್ನು ನಂಬಬೇಡಿ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮನೆ ಗುಡಿಸುವಾಗ, ಎರಡೂ ಡಿಸ್ಕ್ ಹಾಕಿ ನಾಲ್ಕು ಹಾಡು ಕೇಳಿ ನೋಡಿ.

ಕ್ಯಾಸೆಟ್ಟನ್ನು ಏನು ಮಾಡುವುದು? ರೀಲು ಪೂರ್ತಿ ಒಂದೇ ಕಡೆ ಸುತ್ತಿ, ಡಬ್ಬಿಗೆ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಬಿಸಿಲು, ಸ್ಪೀಕರಿನ ಅಯಸ್ಕಾಂತ ಎರಡರಿಂದಲೂ ದೂರ. ಗುಜರಿಯವನು ಬೀದಿಯಲ್ಲಿ ಕೂಗಿದಾಗ ಒಳಗೇ ಇರಿ.