31 ಮನೆ, ಒಂದೇ ಗಡಿಯಾರ: ಕೊರೊನಾ ವರ್ಷದಲ್ಲಿ ನಮ್ಮ ತಂಡದ ಆಟ ಜೊತೆಯಾಗಿ ನೋಡಿದ ನನ್ನ ಅನುಭವ

"ಇದು ಎರಡು ವಾರ ನಡೆಯುತ್ತೆ ಕಣೋ, ಆಮೇಲೆ ಯಾರೂ ಬರಲ್ಲ." ನಮ್ಮ ಕಾಲೇಜು ತಂಡದ ಆಟವನ್ನು ಎಲ್ಲರೂ ಅವರವರ ಮನೆಯಲ್ಲೇ ಕೂತು, ಕಾಲ್‌ನಲ್ಲಿ ಸೇರಿ ನೋಡೋಣ ಅಂದಾಗ 2020ರ ಏಪ್ರಿಲ್‌ನಲ್ಲಿ ನನ್ನ ಹಳೇ ರೂಮ್‌ಮೇಟ್ ಹೇಳಿದ ಮಾತು ಇದು. ನಮ್ಮ ಗುಂಪಿನ ಇನ್ನೂ ನಾಲ್ಕೈದು ಜನ ಅವನಿಗೆ ತಲೆಯಾಡಿಸಿದರು. ಆ ಗುಂಪು ಒಂದು ಇಡೀ ಅಮೆರಿಕನ್ ಫುಟ್‌ಬಾಲ್ ಸೀಸನ್, ಒಂದು ಬಾಸ್ಕೆಟ್‌ಬಾಲ್ ಸೀಸನ್ ದಾಟಿ ನಿಂತಿತು. ಹೇಗೆ ನಿಂತಿತು ಅಂತ ಬೇರೆ ಕಾಲೇಜು ತಂಡಗಳ ಕನ್ನಡದ ಗೆಳೆಯರು ಕೇಳುತ್ತಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಇಂಥ ಗುಂಪು ನಡೆಸಿದವರೇ. ಹಾಗಾಗಿ ಕಾಲ್ ಸೆಟ್ ಮಾಡೋದು ಹೇಗೆ ಎಂಬುದನ್ನೆಲ್ಲ ಹೇಳಲು ಹೋಗಲ್ಲ.

ನಮ್ಮದು ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿ, ಬ್ಲೂಮಿಂಗ್ಟನ್. 2020ರ ಮಾರ್ಚ್ 11ರ ರಾತ್ರಿ ನಾನು ಇಂಡಿಯಾನಾಪೊಲಿಸ್‌ನಲ್ಲಿ ಬಿಗ್ ಟೆನ್ (ನಮ್ಮ ಕಾಲೇಜು ಆಡುವ ಲೀಗ್) ಬಾಸ್ಕೆಟ್‌ಬಾಲ್ ಟೂರ್ನಿಯ ಆಟ ನೋಡುತ್ತಿದ್ದೆ. ನೆಬ್ರಾಸ್ಕಾವನ್ನು 89-64ರಲ್ಲಿ ಹೊಡೆದೆವು. ಆಟ ನಡೆಯುತ್ತಿರುವಾಗಲೇ ಎದುರಾಳಿ ಕೋಚ್ ಫ್ರೆಡ್ ಹಾಯ್‌ಬರ್ಗ್ ಹುಷಾರಿಲ್ಲದೆ ಬೆಂಚ್ ಬಿಟ್ಟು ಹೋದರು. ಅದು ಬರೀ ಫ್ಲೂ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನಿಂತಿತು ಎಂಬ ಸುದ್ದಿ ಎಲ್ಲರ ಫೋನಿಗೂ ಬಂದಿತ್ತು. ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಟೂರ್ನಿ ರದ್ದು, ಸಂಜೆಗೆ ಇಡೀ ದೇಶದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ ಮಾರ್ಚ್ ಮ್ಯಾಡ್‌ನೆಸ್ಸೂ ರದ್ದು. 1939ರಲ್ಲಿ ಶುರುವಾದ ಮೇಲೆ ಮೊದಲ ಸಲ. 2016ರ ನಂತರ ನಾವು ಆ ಟೂರ್ನಿಗೆ ಹೋಗಿರಲಿಲ್ಲ. ಆ ವರ್ಷ 20 ಗೆಲುವು ಇತ್ತು, ಖಂಡಿತ ಹೋಗುತ್ತಿದ್ದೆವು ಅಂತ ನನಗೆ ಈಗಲೂ ಅನಿಸುತ್ತೆ.

ಆಟವೇ ಇಲ್ಲದಾಗ ಅಭಿಮಾನಿಗಳು ಏನು ಮಾಡಬೇಕು? ಹಳೇ ಆಟ ಹಾಕಿದೆವು. ಶನಿವಾರ ಸಂಜೆ, ಎಲ್ಲರೂ ಅವರವರ ಮನೆಯಲ್ಲಿ, ವಿಡಿಯೋ ಕಾಲ್‌ನಲ್ಲಿ. ಮೊದಲು 1987ರ ಫೈನಲ್, ಸಿರಾಕ್ಯೂಸ್ ಎದುರು 74-73, ಕೊನೆಯಲ್ಲಿ ಕೀತ್ ಸ್ಮಾರ್ಟ್ ಹೊಡೆದ ಶಾಟ್. ಆಮೇಲೆ 1976ರ ಫೈನಲ್. ಆಮೇಲೆ 2011ರ ಡಿಸೆಂಬರ್‌ನಲ್ಲಿ ಕೆಂಟಕಿಯನ್ನು ಕೊನೆಯ ಗಳಿಗೆಯಲ್ಲಿ ಸೋಲಿಸಿದ ಆಟ. ಮೊದಲ ವಾರ 26 ಜನ. ಜುಲೈ ಹೊತ್ತಿಗೆ 7 ಜನ.

ಯಾಕೆ ಕಮ್ಮಿಯಾದರು ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡೆ. ಬಿಟ್ಟಿ ವಿಡಿಯೋ ಆ್ಯಪ್ 40 ನಿಮಿಷಕ್ಕೆ ಕಟ್ ಆಗುತ್ತಿತ್ತು, ಅದೊಂದು ಕಾರಣ. ಸ್ಕ್ರೀನ್ ಶೇರ್ ಮಾಡಿದರೆ ಕೆಲವರಿಗೆ ಬರೀ ಕಪ್ಪು ಪರದೆ. ಹಗಲೆಲ್ಲ ಕೆಲಸಕ್ಕಾಗಿ ಕ್ಯಾಮೆರಾ ಮುಂದೆ ಕೂತವರಿಗೆ ಸಂಜೆಯೂ ಕ್ಯಾಮೆರಾ ಅಂದರೆ ಸಾಕಾಗಿತ್ತು. ಆದರೆ ನಿಜವಾದ ಕಾರಣ ಜಗಳ. ಮಾಸ್ಕ್ ಹಾಕಬೇಕಾ ಬೇಡವಾ, ಶಾಲೆ ತೆರೆಯಬೇಕಾ ಬೇಡವಾ. ಎರಡನೇ ಅರ್ಧದ ಹೊತ್ತಿಗೆ ಆಟ ಯಾರೂ ನೋಡುತ್ತಿರಲಿಲ್ಲ.

ಆಗ ಏಪ್ರಿಲ್‌ನ ಒಂದು ಶನಿವಾರ ನೆನಪಾಯಿತು. ನಮ್ಮಲ್ಲೊಬ್ಬನ ಅಪ್ಪ ಊರಿನಲ್ಲಿ ತೀರಿಕೊಂಡಿದ್ದರು. ಭಾರತಕ್ಕೆ ವಿಮಾನಗಳು ಮಾರ್ಚ್ 22ರಿಂದಲೇ ನಿಂತಿದ್ದವು. ಅವನು ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿ ಮೂರು ದಿನ ಆಗಿತ್ತು. ಆ ದಿನ ಎರಡು ಗಂಟೆ ಅವನು ಅಪ್ಪನ ಬಗ್ಗೆ ಹೇಳಿದ, ನಾವು ಕೇಳಿದೆವು. ಆಮೇಲೆ ಅವನೇ "ಆಟ ಹಾಕ್ರೋ" ಅಂದ. ಅಷ್ಟು ಚೆನ್ನಾಗಿ ಯಾವ ಆಟವನ್ನೂ ನಾವು ನೋಡಿರಲಿಲ್ಲ. ಮನೆ ಸುದ್ದಿಗೆ ಅದರದೇ ಹೊತ್ತು ಬೇಕು, ಆಟಕ್ಕೆ ಅದರದೇ ಹೊತ್ತು ಬೇಕು. ಎರಡನ್ನೂ ಕಲಸಿದ್ದೇ ನನ್ನ ತಪ್ಪು.

ಆಗಸ್ಟ್‌ನಿಂದ ನಿಯಮ ಮಾಡಿದೆ. ಆಟಕ್ಕೆ ಮುಂಚೆ 40 ನಿಮಿಷ ಮನೆ ಸುದ್ದಿ. ಯಾರಿಗೆ ಕೆಲಸ ಹೋಯಿತು, ಯಾರಿಗೆ ಪಾಸಿಟಿವ್ ಬಂತು, ಯಾರ ಮಗು ಇಡೀ ದಿನ ಟ್ಯಾಬ್ ಮುಂದೆ ಅಳುತ್ತೆ, ಎಲ್ಲವೂ. ಕಿಕ್ ಆಫ್ ಆದ ಮೇಲೆ ಆಟ ಬಿಟ್ಟು ಬೇರೆ ಮಾತಿಲ್ಲ. ವಿಡಿಯೋ ಬಂದ್, ಬರೀ ಧ್ವನಿ. ತಿಂಗಳಿಗೆ ಸುಮಾರು 20 ಡಾಲರಿನ ಕಾನ್ಫರೆನ್ಸ್ ಲೈನ್ ತಗೊಂಡೆ, ಸಾದಾ ಫೋನಿನಿಂದಲೂ ಸೇರಬಹುದಾದದ್ದು. ಇದು ಮುಖ್ಯ. ನಮ್ಮ ಗುಂಪಿನಲ್ಲಿ 1976ರ ತಂಡವನ್ನು ವಿದ್ಯಾರ್ಥಿಯಾಗಿ ಕಣ್ಣಾರೆ ನೋಡಿದ ಒಬ್ಬ ಹಿರಿಯರಿದ್ದಾರೆ. ಅವರಿಗೆ ಆ್ಯಪ್ ಎಲ್ಲ ಆಗಲ್ಲ. ಲ್ಯಾಂಡ್‌ಲೈನ್‌ನಿಂದ ಬಂದರು, ಒಂದು ವಾರವೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಆಗಸ್ಟ್ 11ಕ್ಕೆ ಬಿಗ್ ಟೆನ್ ಫುಟ್‌ಬಾಲ್ ಮುಂದೂಡಿತು. ಸೆಪ್ಟೆಂಬರ್ 16ಕ್ಕೆ ಮತ್ತೆ ಆಡಿಸುತ್ತೇವೆ ಅಂದಿತು. ಸ್ಟೇಡಿಯಂಗೆ ಆಟಗಾರರ ಮನೆಯವರಿಗೆ ಬಿಟ್ಟರೆ ಬೇರೆಯವರಿಗೆ ಪ್ರವೇಶ ಇಲ್ಲ. ಸರಿ, ನಮ್ಮ ಲೈನ್ ತಯಾರಿತ್ತು.

ಅಕ್ಟೋಬರ್ 24, ಪೆನ್ ಸ್ಟೇಟ್ ಎದುರು ಮೊದಲ ಆಟ. ನನಗೆ ಈಗಲೂ ಹೊಟ್ಟೆ ಉರಿಯುವ ದಿನ ಅದು, ನಾವು ಗೆದ್ದಿದ್ದರೂ. ಆಟ ಓವರ್‌ಟೈಮ್‌ಗೆ ಹೋಯಿತು. ಟಚ್‌ಡೌನ್ ಹೊಡೆದು 35-34 ಮಾಡಿದೆವು, ಇನ್ನೂ ಒಂದು ಪಾಯಿಂಟ್ ಹಿಂದೆ. ಒಂದು ಪಾಯಿಂಟಿಗೆ ಕಿಕ್ ಮಾಡಿ ಸಮ ಮಾಡೋದು ಬಿಟ್ಟು ನಮ್ಮ ಕೋಚ್ ಟಾಮ್ ಅಲೆನ್, ಚೆಂಡನ್ನು ಮತ್ತೆ ಗೋಲ್ ಗೆರೆಗೆ ಒಯ್ದರೆ ಸಿಗುವ ಎರಡು ಪಾಯಿಂಟಿಗೇ ಹೋದರು. ನನ್ನ ಪರದೆಯಲ್ಲಿ ಆಟಗಾರರು ಇನ್ನೂ ಸಾಲಾಗಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಲೈನಿನಲ್ಲಿ ಒಬ್ಬ "ಮುಟ್ಟಿದ! ಮುಟ್ಟಿದ!" ಅಂತ ಕಿರುಚಿದ. ಅವನದು ಕೇಬಲ್. ನನ್ನದು ಸ್ಟ್ರೀಮಿಂಗ್, ಅವನಿಗಿಂತ ಸುಮಾರು 40 ಸೆಕೆಂಡ್ ಹಿಂದೆ. ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಮೈಕಲ್ ಪೆನಿಕ್ಸ್ ಗಾಳಿಯಲ್ಲಿ ಚಾಚಿಕೊಂಡು ಚೆಂಡನ್ನು ಗೋಲ್ ಗೆರೆಯ ಮೂಲೆಯ ಗುರುತಿನ ಕಂಬಕ್ಕೆ (ಪೈಲಾನ್) ತಾಗಿಸಿದ್ದನ್ನು ಅರ್ಧ ಗುಂಪು ಉತ್ತರ ಗೊತ್ತಿದ್ದೇ ನೋಡಬೇಕಾಯಿತು. 36-35. ಎಷ್ಟೋ ವರ್ಷಕ್ಕೊಮ್ಮೆ ಬರುವ ಗಳಿಗೆ, ನನ್ನ ವ್ಯವಸ್ಥೆಯಿಂದಲೇ ಹಾಳಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವಾರ ರಟ್ಗರ್ಸ್ ಆಟಕ್ಕೆ ಲೈನಿನಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ನೋಡುವ ಪ್ರಯೋಗ ಮಾಡಿದೆವು. ಜೊತೆಯಲ್ಲಿ ನೋಡಿದ ಹಾಗೇ ಆಗಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಪರಿಹಾರ ಸುಲಭದ್ದೇ, ಆದರೆ ಒಪ್ಪಿಸೋದು ಕಷ್ಟ. ಎಲ್ಲರಿಗಿಂತ ಹಿಂದೆ ಇರುವವನೇ ಯಜಮಾನ. ವೇಗದ ಕೇಬಲ್ ಇರುವವರು ಅವನಿಗಾಗಿ ಕಾಯಬೇಕು. ಕಿಕ್ ಆಫ್ ಆದ ಮೇಲೆ ಮುಂದಿರುವವರು ಗೇಮ್ ಕ್ಲಾಕ್ 14:30 ತೋರಿಸಿದ ತಕ್ಷಣ ಪಾಝ್ ಒತ್ತಬೇಕು. ಯಜಮಾನನ ಪರದೆಯಲ್ಲಿ 14:30 ಬಂದಾಗ ಅವನು "ಹೂಂ" ಅನ್ನುತ್ತಾನೆ. ಎಲ್ಲರೂ ಬಿಡಬೇಕು. ಮೊದಲ ಒಂದು ನಿಮಿಷ ಗೊಂದಲ, ಆಮೇಲೆ 31 ಮನೆಯಲ್ಲಿ ಒಂದೇ ಗಡಿಯಾರ. ಒಂದು ಸೆಕೆಂಡ್ ಆಚೀಚೆ ಇರುತ್ತೆ, ಅದು ತೊಂದರೆ ಕೊಡಲ್ಲ. ಸ್ಟೇಡಿಯಂನಲ್ಲೂ ಕೂಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರಲು ಹೊತ್ತು ಹಿಡಿಯುತ್ತೆ ಅಲ್ವಾ?

ಸ್ಟ್ರೀಮಿಂಗ್ ನಡುವೆ ತಡವರಿಸಿ ಮತ್ತೆ ಹಿಂದೆ ಬೀಳುತ್ತೆ. ಅದಕ್ಕೆ ಪ್ರತಿ ಕ್ವಾರ್ಟರ್ ಶುರುವಿಗೆ ಮತ್ತೆ ಹೊಂದಿಸಬೇಕು. ಇದನ್ನು ಒಂದೂ ಮಾತಾಡದೆ ಹತ್ತು ಸೆಕೆಂಡಿನಲ್ಲಿ ಮುಗಿಸುವ ಒಂದು ದಾರಿ ಕಂಡುಕೊಂಡಿದ್ದೇನೆ. ಅದು ನಮ್ಮ ಗುಂಪಿನದು, ಇಲ್ಲಿ ಬರೆಯಲ್ಲ. ಟಿವಿ ಸದ್ದು ಲೈನಿಗೆ ನುಗ್ಗದೆ ಜನರ ಕೂಗು ಮಾತ್ರ ಪೂರ್ತಿ ಕೇಳುವ ಹಾಗೆ ಮಾಡುವುದು ಇನ್ನೊಂದು. ಅರ್ಧ ಹೇಳುತ್ತೇನೆ: ಒಂದು ಕಿವಿಗೆ ಮಾತ್ರ ಇಯರ್‌ಫೋನ್. ಉಳಿದರ್ಧ ನೀವೇ ಹುಡುಕಿ.

ಮೊದಲ ನಿಜವಾದ ಪರೀಕ್ಷೆ ನವೆಂಬರ್ 7. ಮಿಷಿಗನ್ ಎದುರು, ಮಧ್ಯಾಹ್ನ 12ಕ್ಕೆ ಆಟ. 11:30ರ ಸುಮಾರಿಗೆ, ನಮ್ಮ ಮನೆ ಸುದ್ದಿ ನಡೆಯುತ್ತಿರುವಾಗ, ಅಧ್ಯಕ್ಷ ಚುನಾವಣೆಯಲ್ಲಿ ಬೈಡನ್ ಗೆದ್ದರು ಅಂತ ಎಲ್ಲಾ ಟಿವಿಯಲ್ಲೂ ಬಂತು. ಲೈನಿನಲ್ಲಿ ಎರಡೂ ಕಡೆಯವರಿದ್ದರು. ಒಬ್ಬ ಖುಷಿಯಿಂದ ಕೂಗಿದ, ಒಬ್ಬ ಫೋನ್ ಇಟ್ಟ. ನನ್ನ ಎದೆ ಡವಡವ ಅನ್ನುತ್ತಿತ್ತು. 12ಕ್ಕೆ ಲ್ಯಾಂಡ್‌ಲೈನ್ ಹಿರಿಯರು "ಕಿಕ್ ಆಫ್" ಅಂತ ಒಂದೇ ಮಾತು ಹೇಳಿದರು. ಎಲ್ಲರೂ ಸುಮ್ಮನಾದರು. ಫೋನ್ ಇಟ್ಟವನು ಎರಡನೇ ಕ್ವಾರ್ಟರ್‌ಗೆ ವಾಪಸ್ ಬಂದ. 38-21. ಮಿಷಿಗನ್ ಎದುರು ಸತತ 24 ಸೋಲಿನ ನಂತರ, 1987ರಿಂದ ಮೊದಲ ಗೆಲುವು. ಕೊನೆಯ ಸೀಟಿ 31 ಮನೆಯಲ್ಲೂ ಒಟ್ಟಿಗೆ ಕೇಳಿತು. ಬೆಳಿಗ್ಗೆ ಬೇರೆ ಬೇರೆಯಾದ ಇಬ್ಬರೂ ಒಂದೇ ಉಸಿರಿನಲ್ಲಿ ಕಿರುಚಿದರು. ನನ್ನ ರೂಮ್‌ಮೇಟ್ ಮೆಸೇಜ್ ಕಳಿಸಿದ: "ನೀನು ಹೇಳಿದ್ದು ಸರಿ ಕಣೋ." ಅದನ್ನು ಇಟ್ಟುಕೊಂಡಿದ್ದೇನೆ.

ಈಗ ದುಡ್ಡು. ಲೈನಿಗೆ ವರ್ಷಕ್ಕೆ ಸುಮಾರು 240 ಡಾಲರ್. ಎರಡು ಮನೆಯಲ್ಲಿ ಪಾಝ್ ಇಲ್ಲದ ಹಳೇ ಕೇಬಲ್ ಬಾಕ್ಸ್ ಇತ್ತು. ರೆಕಾರ್ಡ್ ಮಾಡುವ ಬಾಕ್ಸಿಗೆ ತಿಂಗಳಿಗೆ ಹನ್ನೆರಡೋ ಹದಿಮೂರೋ ಡಾಲರ್, ನಾಲ್ಕು ತಿಂಗಳು ನಾನೇ ಕಟ್ಟಿದೆ. ಇಯರ್‌ಫೋನ್ ಇಲ್ಲದವರಿಗೆ ಆರೋ ಏಳೋ ಕಳಿಸಿದೆ, ಅಂಚೆ ಸೇರಿ 110ರ ಹತ್ತಿರ. ಕೆಲಸ ಕಳೆದುಕೊಂಡ ಮೂವರಿಗೆ ಸ್ಟ್ರೀಮಿಂಗ್ ಚಂದಾ ಗುಂಪಿನಿಂದ ಕಟ್ಟಿದೆವು. ಅದಕ್ಕೆ ಸುಮಾರು 600 ಆಯಿತು, ಯಾರೂ ಲೆಕ್ಕ ಕೇಳಲಿಲ್ಲ. ಹಿಂದಿನ ವರ್ಷ ನಾನೊಬ್ಬನೇ ಟಿಕೆಟ್, ಪಾರ್ಕಿಂಗ್, ಪೆಟ್ರೋಲ್ ಅಂತ ಇದಕ್ಕಿಂತ ಜಾಸ್ತಿ ಖರ್ಚು ಮಾಡಿದ್ದೆ.

ಕೈ ಸುಟ್ಟಿದ್ದು ಪ್ರೊಜೆಕ್ಟರ್‌ನಲ್ಲಿ. ಹಿತ್ತಲಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ, ನಾನಿರುವ ಊರಿನಲ್ಲೇ ಇರುವ ಐದಾರು ಜನ ದೂರ ದೂರ ಕುರ್ಚಿ ಹಾಕಿಕೊಂಡು ನೋಡೋಣ ಅಂತ ಆಸೆ. 180 ಡಾಲರ್ ಕೊಟ್ಟೆ. ನಮ್ಮ ಆಟಗಳು ಮಧ್ಯಾಹ್ನ 12ಕ್ಕೋ 3:30ಕ್ಕೋ. ಬಿಸಿಲಿನಲ್ಲಿ ಬೆಡ್‌ಶೀಟ್ ಬಿಟ್ಟರೆ ಏನೂ ಕಾಣಲಿಲ್ಲ. ಎಷ್ಟು ಲ್ಯೂಮೆನ್ (ಬೆಳಕಿನ ಅಳತೆ) ಅಂತ ನೋಡದೆ ಕೊಳ್ಳಬೇಡಿ, ಹಗಲಿಗಾದರೆ ಯಾವುದನ್ನೂ ಕೊಳ್ಳಬೇಡಿ.

ರೇಡಿಯೋದ್ದು ಬೇರೆ ಕಥೆ. 1973ರಿಂದ ರೇಡಿಯೋದಲ್ಲಿ ನಮ್ಮ ಆಟದ ವಿವರಣೆ ಹೇಳುತ್ತಾ ಬಂದವರು ಡಾನ್ ಫಿಷರ್. ಹಳಬರೆಲ್ಲ ಟಿವಿ ಸದ್ದು ಆರಿಸಿ ಅವರ ಧ್ವನಿ ಹಾಕಿಕೊಳ್ಳುತ್ತಾರೆ. ಆದರೆ ರೇಡಿಯೋ ಮುಂದೆ, ಟಿವಿ ಹಿಂದೆ. ಲ್ಯಾಪ್‌ಟಾಪಿಗೆ ರೇಡಿಯೋ ಜೋಡಿಸಿ ಧ್ವನಿ ತಡ ಮಾಡಿ ಬಿಡುವುದನ್ನು ಎರಡು ವಾರ ರಾತ್ರಿ ಕೂತು ಕಲಿತೆ. ನನ್ನ ಮನೆಯಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಕೂತಿತು. ಲೈನಿಗೆ ಬಿಡಿ ಅಂತ ಕೆಲವರು ಕೇಳಿದರು. ಅದು ಇನ್ನೊಬ್ಬರ ಪ್ರಸಾರ, ಹಂಚುವುದು ಸರಿಯಲ್ಲ ಅಂತ ಒಪ್ಪಲಿಲ್ಲ. ಆಸಕ್ತಿ ಇದ್ದ ನಾಲ್ಕು ಜನರಿಗೆ ಅವರವರ ಮನೆಯಲ್ಲೇ ಹೇಗೆ ಮಾಡೋದು ಅಂತ ಹೇಳಿಕೊಟ್ಟೆ.

ನವೆಂಬರ್ 21ಕ್ಕೆ ಓಹಾಯೋ ಸ್ಟೇಟ್. 35-7ರಲ್ಲಿ ಹಿಂದೆ ಇದ್ದಾಗ ಒಬ್ಬನೂ ಲೈನ್ ಬಿಡಲಿಲ್ಲ. ಪೆನಿಕ್ಸ್ 491 ಗಜ ಎಸೆದ. ಟೈ ಫ್ರೈಫೋಗಲ್ ಒಬ್ಬನೇ 218 ಗಜ ಹಿಡಿದ. 42-35ರಲ್ಲಿ ಸೋತೆವು. ಅಷ್ಟು ಹೆಮ್ಮೆ ಪಟ್ಟ ಸೋಲು ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಮುಂದಿನ ವಾರ ಮೇರಿಲ್ಯಾಂಡ್ ಎದುರು ಪೆನಿಕ್ಸ್ ಮೊಣಕಾಲು ಹೋಯಿತು. ಅದರ ಮುಂದಿನ ವಾರ ಅವನ ಜಾಗಕ್ಕೆ ಜ್ಯಾಕ್ ಟಟಲ್ ಬಂದು ವಿಸ್ಕಾನ್ಸಿನ್ ಅನ್ನು 14-6ರಲ್ಲಿ ಸೋಲಿಸಿದ. ನಮ್ಮ ಹಳೇ ಎದುರಾಳಿ ಪರ್ಡ್ಯೂ ಎದುರಿನ ಓಲ್ಡ್ ಓಕನ್ ಬಕೆಟ್ ಎಂಬ ಟ್ರೋಫಿಯ ಆಟ ಡಿಸೆಂಬರ್ 12ಕ್ಕೆ ಇತ್ತು. ಎರಡೂ ತಂಡದಲ್ಲಿ ಕೊರೊನಾ, ರದ್ದು. 18ಕ್ಕೆ ಇಟ್ಟರು, ಅದೂ ರದ್ದು. ಎರಡೂ ದಿನ ನಾವು ಲೈನ್ ತೆರೆದೆವು. ಆಟ ಇಲ್ಲ, ಬರೀ ಮನೆ ಸುದ್ದಿ. ನಮ್ಮಲ್ಲೊಬ್ಬರು ಆಸ್ಪತ್ರೆಯಲ್ಲಿ ನರ್ಸ್. ಆ ವಾರ ಅವರು ನೋಡಿದ್ದನ್ನು ಹೇಳಿದರು. ಮಾಸ್ಕ್ ಬೇಡ ಅನ್ನುತ್ತಿದ್ದವನು ಎರಡು ಪ್ರಶ್ನೆ ಕೇಳಿದ, ವಾದ ಮಾಡಲಿಲ್ಲ. ಜುಲೈನಲ್ಲಿ ಇದು ಸಾಧ್ಯವೇ ಇರಲಿಲ್ಲ.

2021ರ ಮಾರ್ಚ್ ಮ್ಯಾಡ್‌ನೆಸ್ ಪೂರ್ತಿ ಇಂಡಿಯಾನಾದಲ್ಲೇ ನಡೆಯಿತು. ನಮ್ಮ ತಂಡ ಮಾತ್ರ ಅದರಲ್ಲಿ ಇರಲಿಲ್ಲ. ಆದರೂ ಏಪ್ರಿಲ್ 5ರ ಫೈನಲ್‌ಗೆ ಲೈನಿನಲ್ಲಿ 34 ಜನ, ನಮ್ಮ ದಾಖಲೆ. ಕಾರಣ ಫೈನಲ್ ಆಡುತ್ತಿದ್ದ ಗೊನ್ಜಾಗಾ ತಂಡ. 31 ಆಟ ಆಡಿ 31 ಗೆದ್ದಿದ್ದರು. ಇನ್ನೊಂದು ಗೆದ್ದರೆ, ಒಂದೂ ಸೋಲದೆ ಚಾಂಪಿಯನ್ ಆದ ಕೊನೆಯ ತಂಡ ಎಂಬ ನಮ್ಮ 1976ರ ಹೆಸರು ಹೋಗುತ್ತಿತ್ತು. ಅವರ ಎದುರಾಳಿ ಬೇಲರ್ ಮೊದಲ ನಿಮಿಷದಿಂದಲೇ ಹಿಡಿತ ಬಿಡಲಿಲ್ಲ. 86-70. ಗಡಿಯಾರ ಸೊನ್ನೆಗೆ ಬಂದಾಗ ಎಲ್ಲರೂ ತಾವಾಗಿ ಸುಮ್ಮನಾದರು. ಲ್ಯಾಂಡ್‌ಲೈನ್‌ನಿಂದ ಹಿರಿಯರು 1976ರ ತಂಡದ ಐದೂ ಆಟಗಾರರ ಹೆಸರನ್ನು ಒಂದೊಂದಾಗಿ ಹೇಳಿದರು: ಮೇ, ಬಕ್ನರ್, ಬೆನ್ಸನ್, ವಿಲ್ಕರ್ಸನ್, ಅಬರ್ನಥಿ.

ಸೆಪ್ಟೆಂಬರ್‌ನಲ್ಲಿ ಸ್ಟೇಡಿಯಂಗಳು ತೆರೆದವು. ಇನ್ನು ಲೈನ್ ಬೇಡ ಅಂತ ನಾನೇ ಅಂದುಕೊಂಡಿದ್ದೆ. 4ನೇ ತಾರೀಖು ಅಯೋವಾ ಎದುರು ಮೊದಲ ಆಟ, ಕೊನೆಗೆ 34-6ರಲ್ಲಿ ಸೋತದ್ದು. ಸುಮ್ನೆ ನೋಡೋಣ ಅಂತ ಮೂರನೇ ಕ್ವಾರ್ಟರ್‌ನಲ್ಲಿ ನಂಬರ್ ಒತ್ತಿದೆ. ಒಳಗೆ ಆಗಲೇ 19 ಜನ ಇದ್ದರು. ಯಾರೋ ಗಡಿಯಾರ ಹೊಂದಿಸಿಯೂ ಆಗಿತ್ತು. ಮರುದಿನ ಇನ್ನೊಂದು ವರ್ಷಕ್ಕೆ ದುಡ್ಡು ಕಟ್ಟಿದೆ.