ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್: ಆ ನೀಲಿ ಪರದೆಗೆ ಹೆದರಬೇಡಿ

ಲಿನಕ್ಸ್‌ಗೆ ಹೊಸದಾಗಿ ಬಂದವರು ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಎರಡೇ ಕಡೆ. ಒಂದು, ವಿಂಡೋಸ್‌ನ ಅಭ್ಯಾಸಬಲದಿಂದ ಕಂಪನಿಯ ವೆಬ್‌ಸೈಟ್‌ಗೆ ಹೋಗಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಳಿಸಿಕೊಳ್ಳುವುದು. ಇನ್ನೊಂದು, ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ಒಪ್ಪಿಗೆ ಕೇಳಲು ಬರುವ ನೀಲಿ ಪರದೆ ಕಂಡು ಗಾಬರಿಬಿದ್ದು ಸುಮ್ನೆ ಎಂಟರ್ ಒತ್ತಿಬಿಡುವುದು. ಆಮೇಲೆ ‘ಲಿನಕ್ಸ್ ಸರಿಯಿಲ್ಲ’ ಎಂದು ಬೈಯುವುದು.

ಮೊದಲು: ಕಾರ್ಡ್ ಯಾವುದು?

ಡೆಸ್ಕ್‌ಟಾಪ್ ಆಗಿದ್ದರೆ ಹಿಂದುಗಡೆ ಬಗ್ಗಿ ನೋಡಿ. ಮಾನಿಟರ್ ಕೇಬಲ್ ಕಾರ್ಡ್‌ಗೆ ಸಿಕ್ಕಿಸಿದೆಯೋ ಮದರ್‌ಬೋರ್ಡ್‌ಗೋ? ನಗಬೇಡಿ, ದುಬಾರಿ ಕಾರ್ಡ್ ಕೊಂಡು ಕೇಬಲನ್ನು ಮದರ್‌ಬೋರ್ಡ್‌ಗೇ ಬಿಟ್ಟಿರುವವರು ಬೇಕಾದಷ್ಟು ಜನ ಇದ್ದಾರೆ.

ನಂತರ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಪುಟ ತೆರೆಯಿರಿ. ಗ್ರಾಫಿಕ್ಸ್ ಎಂಬ ಸಾಲಿನಲ್ಲಿ ಕಾರ್ಡ್‌ನ ಹೆಸರಿರುತ್ತದೆ. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಕಾರ್ಡ್ ಕೆಲಸ ಮಾಡುತ್ತಿಲ್ಲ, ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಹೊತ್ತುಕೊಂಡಿದೆ ಎಂದರ್ಥ. ಇದಕ್ಕೆ ಒಂದು ಮಾಮೂಲಿ ಕಾರಣವಿದೆ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತೆಂದು ಯಾರದೋ ಸಲಹೆ ಕೇಳಿ ಬೂಟ್ ಸಾಲಿಗೆ (ಲಿನಕ್ಸ್ ಶುರುವಾಗುವಾಗ ಓದುವ ಆದೇಶದ ಸಾಲು) ‘ನೋಮೋಡ್‌ಸೆಟ್’ ಸೇರಿಸಿರುತ್ತಾರೆ, ಆಮೇಲೆ ತೆಗೆಯುವುದನ್ನು ಮರೆತಿರುತ್ತಾರೆ. ಅದು ತಾತ್ಕಾಲಿಕ ಉಪಾಯ ಅಷ್ಟೇ. ಅದು ಅಲ್ಲಿರುವ ತನಕ ಕಾರ್ಡ್‌ನ ಸರಿಯಾದ ಡ್ರೈವರ್ ಕೆಲಸ ಶುರುಮಾಡುವುದಿಲ್ಲ.

ಎಎಂಡಿ, ಇಂಟೆಲ್ ಇದ್ದವರು

ನಿಮ್ಮ ಕೆಲಸ ಬಹುಮಟ್ಟಿಗೆ ಮುಗಿದಿದೆ. ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ, ಉಳಿದದ್ದು ಮೆಸಾ ಎಂಬ ಪ್ಯಾಕೇಜ್‌ನಲ್ಲಿ ತಾನಾಗಿಯೇ ಬಂದಿರುತ್ತದೆ. ಸಿಸ್ಟಮ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಕಾರ್ಡ್ ತೀರಾ ಹೊಸದಾಗಿದ್ದು ಲಿನಕ್ಸ್ ಹಳೆಯದಾಗಿದ್ದರೆ ಮಾತ್ರ ಹೊಸ ಕರ್ನಲ್ ಬೇಕು. ಉದಾಹರಣೆಗೆ ಇಂಟೆಲ್ ಆರ್ಕ್‌ನ ಮೊದಲ ಪೀಳಿಗೆಯ ಕಾರ್ಡ್‌ಗಳಿಗೆ 6.2 ಅಥವಾ ಅದಕ್ಕಿಂತ ಹೊಸ ಕರ್ನಲ್ ಇದ್ದರೆ ಒಳ್ಳೆಯದು. ಎಎಂಡಿ ವೆಬ್‌ಸೈಟ್‌ನಲ್ಲೂ ಒಂದು ಲಿನಕ್ಸ್ ಡ್ರೈವರ್ ಸಿಗುತ್ತದೆ. ಆಟ ಆಡುವವರಿಗೆ, ವಿಡಿಯೊ ನೋಡುವವರಿಗೆ ಅದು ಬೇಡವೇ ಬೇಡ. ಮುಟ್ಟಬೇಡಿ.

ಎನ್ವಿಡಿಯಾ ಇದ್ದವರು

ಲಿನಕ್ಸ್ ಜತೆಗೇ ಬರುವ ಡ್ರೈವರ್‌ಗೆ ನೂವೋ ಎಂದು ಹೆಸರು. ಪರದೆ ಕಾಣಿಸಲು ಅದು ಸಾಕು. ಆಟಕ್ಕೆ, ವಿಡಿಯೊ ಎಡಿಟಿಂಗ್‌ಗೆ, ಎಐ ಕೆಲಸಕ್ಕೆ ಎನ್ವಿಡಿಯಾದ ಸ್ವಂತ ಡ್ರೈವರ್ ಬೇಕು. ಅದನ್ನು ನಿಮ್ಮ ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಿಂದಲೇ ತೆಗೆದುಕೊಳ್ಳಿ. ಉಬುಂಟುವಿನಲ್ಲಿ ‘ಅಡಿಶನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’, ಫೆಡೋರಾದಲ್ಲಿ ‘ಆರ್‌ಪಿಎಂ ಫ್ಯೂಷನ್’ ಎಂಬ ಹೆಚ್ಚುವರಿ ಭಂಡಾರ. ವೆಬ್‌ಸೈಟ್‌ನಲ್ಲಿ ಸಿಗುವ ‘ಡಾಟ್ ರನ್’ ಫೈಲ್ ಇವತ್ತು ಕೆಲಸ ಮಾಡಿದ ಹಾಗೆ ಕಂಡರೂ ಮುಂದೆ ಕರ್ನಲ್ ಅಪ್‌ಡೇಟ್ ಆದ ದಿನ ಕಪ್ಪು ಪರದೆ ತೋರಿಸುವ ಸಂಭವ ಜಾಸ್ತಿ. ಅದರ ಫೈಲ್‌ಗಳು ಸಾಫ್ಟ್‌ವೇರ್ ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ನ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಕಿತ್ತುಹಾಕುವುದೂ ರಗಳೆ.

ಪಟ್ಟಿ ತೆರೆದರೆ ಒಂದೇ ಡ್ರೈವರ್‌ನ ಹತ್ತಾರು ಅವತಾರಗಳು ಕಾಣುತ್ತವೆ. ‘ಸರ್ವರ್’ ಎಂದಿರುವುದನ್ನು ಬಿಡಿ. ‘ರೆಕಮೆಂಡೆಡ್’ ಎಂದು ತೋರಿಸಿದ್ದನ್ನೇ ಆರಿಸಿ, ದೊಡ್ಡ ಸಂಖ್ಯೆಯ ಆಸೆಗೆ ಬೀಳಬೇಡಿ. ‘ಓಪನ್’ ಎಂಬ ಬಾಲವಿರುವುದು ಎನ್ವಿಡಿಯಾ 2022ರಲ್ಲಿ ಮೂಲ ಕೋಡ್ ಬಿಡುಗಡೆ ಮಾಡಿದ ಕರ್ನಲ್ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಣುಕು. ಆರ್‌ಟಿಎಕ್ಸ್ 50 ಸರಣಿಗೆ ಅದೇ ಬೇಕು, ಬೇರೆಯದು ನಡೆಯುವುದಿಲ್ಲ. ಆರ್‌ಟಿಎಕ್ಸ್ 20, ಜಿಟಿಎಕ್ಸ್ 16ರಿಂದ ಮುಂದಿನವಕ್ಕೂ ಅದು ಹೊಂದುತ್ತದೆ. ಜಿಟಿಎಕ್ಸ್ 900 ಮತ್ತು 10 ಸರಣಿಯ ಹಳೆಯ ಕಾರ್ಡ್‌ಗಳಿಗೆ ‘ಓಪನ್’ ಆಗುವುದಿಲ್ಲ. ಅವಕ್ಕೆ 580 ಸರಣಿಯೇ ಕೊನೆಯ ಡ್ರೈವರ್.

ಫೆಡೋರಾದವರಿಗೆ ಒಂದು ಮಾತು: ಇನ್‌ಸ್ಟಾಲ್ ಮುಗಿಯಿತು ಎಂದ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಹಿನ್ನೆಲೆಯಲ್ಲಿ ಮಾಡ್ಯೂಲ್ ಇನ್ನೂ ತಯಾರಾಗುತ್ತಿರುತ್ತದೆ. ಐದು ನಿಮಿಷ ಸುಮ್ಮನಿರಿ.

ಈಗ ಆ ನೀಲಿ ಪರದೆ

ಇಲ್ಲಿ ಸ್ವಲ್ಪ ನಿಧಾನಿಸಿ. ನಿಮ್ಮ ಕಂಪ್ಯೂಟರ್‌ನಲ್ಲಿ ‘ಸೆಕ್ಯೂರ್ ಬೂಟ್’ ಆನ್ ಆಗಿದ್ದರೆ, ನಂಬಿಕಸ್ತರ ಡಿಜಿಟಲ್ ಸಹಿ ಇಲ್ಲದ ಯಾವ ಮಾಡ್ಯೂಲನ್ನೂ ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎನ್ವಿಡಿಯಾ ಮಾಡ್ಯೂಲ್ ಎಷ್ಟೋ ಸಲ ನಿಮ್ಮ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ, ಅದಕ್ಕೆ ಸಹಿ ಬೀಳುವುದೂ ಅಲ್ಲೇ ಹುಟ್ಟಿದ ಕೀಲಿಯಿಂದ. ಆ ಕೀಲಿಯ ಪರಿಚಯ ಬೂಟ್ ವ್ಯವಸ್ಥೆಗೆ ಇರುವುದಿಲ್ಲವಲ್ಲ? ಯಾವುದೋ ಪ್ರೋಗ್ರಾಂ ತಾನೇ ಹೋಗಿ ‘ಇವನು ನಮ್ಮವನು’ ಎಂದು ಹೇಳುವಂತಿದ್ದರೆ ವೈರಸ್ಸೂ ಹಾಗೇ ಹೇಳುತ್ತಿತ್ತು. ಅದಕ್ಕೇ ಕೀಬೋರ್ಡ್ ಮುಂದೆ ಕೂತ ಮನುಷ್ಯನೇ ಒಪ್ಪಿಗೆ ಕೊಡಬೇಕು. ನೀಲಿ ಪರದೆ ಬರುವುದು ಆ ಒಪ್ಪಿಗೆ ಕೇಳಲು.

ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗಲೇ ನಿಮ್ಮನ್ನು ಒಂದು ಹೊಸ ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಈ ಒಪ್ಪಿಗೆಗೆ ಮಾತ್ರ. ಕನಿಷ್ಠ 8 ಅಕ್ಷರ ಇರಲಿ. ಚಿಹ್ನೆಗಳು ಬೇಡ, ಏಕೆಂದರೆ ಆ ಪರದೆಯಲ್ಲಿ ಅಮೆರಿಕನ್ ಕೀಬೋರ್ಡ್ ವಿನ್ಯಾಸ ಇರುತ್ತದೆ. ನಿಮ್ಮ ಕೀಬೋರ್ಡ್ ಬೇರೆ ವಿನ್ಯಾಸದ್ದಾದರೆ ಚಿಹ್ನೆಗಳು ಅದಲುಬದಲಾಗುತ್ತವೆ. ಸಣ್ಣ ಅಕ್ಷರ, ಅಂಕಿ ಸಾಕು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ಲೂಟೂತ್ ಕೀಬೋರ್ಡ್ ಅಲ್ಲಿ ನಡೆಯುವುದಿಲ್ಲ, ವೈರ್ ಇರುವುದನ್ನು ಮೊದಲೇ ಸಿಕ್ಕಿಸಿಡಿ.

ರೀಸ್ಟಾರ್ಟ್ ಮಾಡಿ, ಪರದೆಯ ಮುಂದಿಂದ ಏಳಬೇಡಿ. ನೀಲಿ ಪರದೆಯಲ್ಲಿ ‘ಪ್ರೆಸ್ ಎನಿ ಕೀ’ ಎಂಬ ಸಾಲು ಬಂದು 10ರಿಂದ ಕೆಳಗೆ ಎಣಿಕೆ ಶುರುವಾಗುತ್ತದೆ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ. ಮೆನು ಬರುತ್ತದೆ. ಮೊದಲ ಸಾಲು ‘ಕಂಟಿನ್ಯೂ ಬೂಟ್’. ಜನ ಎಂಟರ್ ಒತ್ತಿ ಕೆಡಿಸಿಕೊಳ್ಳುವುದು ಇಲ್ಲೇ. ಬಾಣದ ಕೀಯಿಂದ ಒಂದು ಸಾಲು ಕೆಳಗಿಳಿದು ‘ಎನ್‌ರೋಲ್ ಎಂಒಕೆ’ ಆರಿಸಿ (ಎಂಒಕೆ ಅಂದರೆ ಆ ಕೀಲಿ). ಮುಂದೆ ‘ವ್ಯೂ ಕೀ’, ‘ಕಂಟಿನ್ಯೂ’ ಎಂದು ಎರಡು ಸಾಲು. ಈಗ ‘ಕಂಟಿನ್ಯೂ’ ಸರಿ. ಮೇಲಿನ ಮೆನುವಿನಲ್ಲಿ ಬೇಡವಾಗಿದ್ದ ಪದವೇ ಇಲ್ಲಿ ಬೇಕು, ಗೊಂದಲ ಆಗುವುದು ಸಹಜ. ನಂತರ ‘ಯೆಸ್’. ನಂತರ ಚೀಟಿಯಲ್ಲಿರುವ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆ ಮೇಲೆ ಏನೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎಂಟರ್, ಕೊನೆಗೆ ‘ರೀಬೂಟ್’.

ಅವಕಾಶ ತಪ್ಪಿಹೋಯಿತಾ? ಸುಮ್ನೆ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದರೆ ಆ ಪರದೆ ಬರುವುದಿಲ್ಲ, ಕೋರಿಕೆಯನ್ನು ಹೊಸದಾಗಿ ಸಲ್ಲಿಸಬೇಕು. ಉಬುಂಟುವಿನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘ಸುಡೊ’, ನಂತರ ‘ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ’, ಅದರ ಮುಂದೆ ಎರಡು ಅಡ್ಡಗೆರೆ ಹಾಕಿ ‘ಎನ್‌ರೋಲ್-ಕೀ’ ಎಂದು ಕೊಡಿ. ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ. ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ಮತ್ತೆ ನೀಲಿ ಪರದೆ.

ಕೆಲವೊಮ್ಮೆ ಉಬುಂಟುವಿನವರೇ ಸಹಿ ಹಾಕಿ ಕಳಿಸಿದ ಮಾಡ್ಯೂಲ್ ಸಿಗುತ್ತದೆ. ಆಗ ಪಾಸ್‌ವರ್ಡೂ ಇಲ್ಲ, ನೀಲಿ ಪರದೆಯೂ ಇಲ್ಲ. ಏನೋ ತಪ್ಪಾಯಿತು ಎಂದು ಹುಡುಕಿಕೊಂಡು ಹೋಗಬೇಡಿ.

‘ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡಿ’ ಎನ್ನುವ ಅಡ್ಡದಾರಿಯೂ ಇದೆ. ಕೆಲಸವೇನೋ ಆಗುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಹಾಕಿದ ವಿಂಡೋಸ್ ಇದ್ದರೆ ಅದು ರಿಕವರಿ ಕೀ ಕೇಳಿಕೊಂಡು ಕೂರಬಹುದು. ಎರಡು ನಿಮಿಷದ ಕೆಲಸ ತಪ್ಪಿಸಿಕೊಳ್ಳಲು ಹೋಗಿ ಆ ತಲೆನೋವು ಯಾಕೆ?

ಆಯಿತೋ ಇಲ್ಲವೋ?

ಟರ್ಮಿನಲ್‌ನಲ್ಲಿ ‘ಎನ್ವಿಡಿಯಾ-ಎಸ್‌ಎಂಐ’ ಎಂದು ಟೈಪ್ ಮಾಡಿ. ಕಾರ್ಡ್‌ನ ಹೆಸರು, ಉಷ್ಣತೆ, ಡ್ರೈವರ್ ಸಂಖ್ಯೆ ಇರುವ ಚೌಕಟ್ಟು ಬಂದರೆ ಗೆದ್ದಿರಿ. ಡ್ರೈವರ್ ಜತೆ ಮಾತಾಡಲು ಆಗುತ್ತಿಲ್ಲ ಎಂಬ ಸಾಲು ಬಂದರೆ ಮೊದಲ ಅನುಮಾನ ಆ ನೀಲಿ ಪರದೆಯ ಮೇಲೇ ಇರಲಿ. ಡ್ರೈವರ್ ಕಿತ್ತು ಮತ್ತೆ ಹಾಕುವ ಮುಂಚೆ ಅದನ್ನು ಸರಿಮಾಡಿ.

ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಎನ್ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ‘ಆನ್-ಡಿಮಾಂಡ್’ ಇಟ್ಟುಕೊಳ್ಳಿ, ಬ್ಯಾಟರಿ ಉಳಿಯುತ್ತದೆ. ಆಟದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ದೊಡ್ಡ ಕಾರ್ಡ್‌ನಲ್ಲಿ ಶುರುಮಾಡುವ ಆಯ್ಕೆ ನೋಮ್ ಡೆಸ್ಕ್‌ಟಾಪ್‌ನಲ್ಲಿ ಸಿಗುತ್ತದೆ. ಅಬೌಟ್ ಪುಟದಲ್ಲಿ ಇಂಟೆಲ್ ಹೆಸರೂ ಕಂಡರೆ ಅದು ದೋಷವಲ್ಲ.

ಮುಂದೆ ಎಂದಾದರೂ ಅಪ್‌ಡೇಟ್ ಆದಮೇಲೆ ಪರದೆ ಕಪ್ಪಾದರೆ ಲಿನಕ್ಸನ್ನೇ ಹೊಸದಾಗಿ ಹಾಕಲು ಹೊರಡಬೇಡಿ. ಬೂಟ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯ ಕರ್ನಲ್ ಇನ್ನೂ ಇರುತ್ತದೆ. ಮೆನು ಕಾಣದಿದ್ದರೆ ಕಂಪ್ಯೂಟರ್ ಆನ್ ಆಗುವಾಗ ಎಸ್ಕೇಪ್ ಒತ್ತಿ ನೋಡಿ. ಹಳೆಯ ಕರ್ನಲ್‌ನಲ್ಲಿ ಒಳಗೆ ಬಂದು, ಡ್ರೈವರ್ ಪಟ್ಟಿಯಿಂದ ನೂವೋ ಆರಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ಎನ್ವಿಡಿಯಾ ಡ್ರೈವರನ್ನು ಮತ್ತೆ ಹಾಕಿ.